ಓಯ್ವಾನ ನಂತರದ ಸರದಿ

ಇರ್ಮೆಲಿ ನಮ್ಮ ಕಟ್ಟಡಕ್ಕೆ ಬಂದದ್ದು ಸೆಪ್ಟೆಂಬರಿನ ಕೊನೆಯ ವಾರ. ಬರ್ಚ್ ಮರದ ಎಲೆಗಳೆಲ್ಲ ಅಂಗಳದಲ್ಲಿ ಬಿದ್ದು ಒದ್ದೆಯಾಗಿದ್ದವು. ಒಂದು ಸಣ್ಣ ವ್ಯಾನಿನಲ್ಲಿ ಅವಳ ಸಾಮಾನೆಲ್ಲ ಹಿಡಿದಿತ್ತು. ಮಂಚ, ಮೇಜು, ಒಂದು ಒಳ್ಳೆಯ ಕುರ್ಚಿ, ಹನ್ನೆರಡೋ ಹದಿಮೂರೋ ಪೆಟ್ಟಿಗೆ. ಕುರ್ಚಿಯನ್ನು ಮಾತ್ರ ವ್ಯಾನಿನವನ ಕೈಗೆ ಕೊಡದೆ ತಾನೇ ಮೂರನೆಯ ಮಹಡಿಗೆ ಹೊತ್ತುಕೊಂಡು ಹೋದಳು. ನಾವೆಲ್ಲ ಪರದೆಯ ಹಿಂದಿನಿಂದ ನೋಡಿದೆವು. ಯಾರೂ ಕೆಳಗಿಳಿಯಲಿಲ್ಲ. ಹೊಸಬರು ಸಾಮಾನು ಇಳಿಸುವಾಗ ಎದುರು ಹೋಗಿ ನಿಂತರೆ ಅವರ ಸಂಸಾರವನ್ನು ಬಿಚ್ಚಿ ನೋಡಿದ ಹಾಗಾಗುತ್ತದೆ. ನಮ್ಮ ಊರು ಹೌಕಿಯಾರ್ವಿಯಲ್ಲಿ ಹಾಗೆ ಯಾರೂ ಮಾಡುವುದಿಲ್ಲ.

ಆಗ ಅವಳಿಗೆ ಐವತ್ತೊಂದು ವರ್ಷ. ಇಪ್ಪತ್ತಾರು ವರ್ಷ ಹೆಲ್ಸಿಂಕಿಯಲ್ಲಿ ಒಂದೇ ಕೆಲಸ ಮಾಡಿದ್ದಳು. ಡಾಕ್ಟರರು ರೋಗಿಯನ್ನು ನೋಡಿದ ಮೇಲೆ ಯಂತ್ರಕ್ಕೆ ಹೇಳಿಡುವ ಮಾತನ್ನು ಕೇಳಿ ಬೆರಳಚ್ಚು ಮಾಡುವ ಕೆಲಸ ಅದು. ಮೊದಲು ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಹದಿನಾಲ್ಕು ಹೆಂಗಸರು ಸಾಲಾಗಿ ಕೂತು ಮಾಡುತ್ತಿದ್ದರು. ಆಮೇಲೆ ಕೆಲಸ ಒಂದು ಕಂಪನಿಯ ಕೈಗೆ ಹೋಯಿತು. ಕಂಪನಿ ಕಚೇರಿಯನ್ನು ಮುಚ್ಚಿ, ಇನ್ನು ಮೇಲೆ ಮನೆಯಿಂದಲೇ ಮಾಡಿ ಎಂದಿತು. ಅದೇ ವರ್ಷ ಗಂಡನೂ ಬೇರೆಯಾದ. ಜಗಳವಾಗಲಿಲ್ಲ, ಇಬ್ಬರೂ ಒಂದು ಭಾನುವಾರ ಕೂತು ಪಾತ್ರೆಗಳನ್ನು ಹಂಚಿಕೊಂಡರು, ಅಷ್ಟೆ.

ಮನೆಯಿಂದಲೇ ಮಾಡುವುದಾದರೆ ಮನೆ ಎಲ್ಲಿದ್ದರೇನು ಎಂದು ಅವಳು ಭೂಪಟ ನೋಡಿದಳಂತೆ. ಅವಳ ಕೆಲಸಕ್ಕೆ ಬೇಕಾದದ್ದು ಒಳ್ಳೆಯ ಇಂಟರ್ನೆಟ್ ಮತ್ತು ನಿಶ್ಶಬ್ದ. ನಮ್ಮಲ್ಲಿ ಎರಡೂ ಇವೆ. ಗರಗಸದ ಮಿಲ್ಲು ಮುಚ್ಚಿ, ರೈಲೂ ನಿಂತ ಮೇಲೆ ಎರಡನೆಯದು ಬೇಕಾದದ್ದಕ್ಕಿಂತ ಹೆಚ್ಚೇ ಇದೆ.

ಅಕ್ಟೋಬರಿನಲ್ಲಿ ಪುರಸಭೆಯವರು ಊರಿಗೆ ಹೊಸದಾಗಿ ಬಂದವರಿಗೆಂದು ಕಾಫಿ ಕೂಟ ಇಟ್ಟಿದ್ದರು. ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಇಪ್ಪತ್ತು ಬಟ್ಟಲು ಜೋಡಿಸಿ, ಎರಡು ತಟ್ಟೆ ಏಲಕ್ಕಿ ಬನ್ನು ಇಟ್ಟಿದ್ದರು. ಬಂದವಳು ಇರ್ಮೆಲಿ ಒಬ್ಬಳೇ. ಗುಮಾಸ್ತ ಅವಳ ಎದುರು ಕೂತು ಅರ್ಧ ಗಂಟೆ ಸರೋವರ ಯಾವ ವರ್ಷ ಯಾವತ್ತು ಹೆಪ್ಪುಗಟ್ಟಿತು ಎಂದು ಹೇಳಿದ. ಕೊನೆಗೆ ಉಳಿದ ಬನ್ನುಗಳನ್ನೆಲ್ಲ ಚೀಲಕ್ಕೆ ಹಾಕಿ ಕೊಟ್ಟುಬಿಟ್ಟ. ಅವಳು ಅವನ್ನು ಫ್ರೀಜರಿನಲ್ಲಿಟ್ಟು ಕ್ರಿಸ್‌ಮಸ್‌ವರೆಗೆ ಎರಡು ದಿನಕ್ಕೊಂದು ತಿಂದಳು.

ನಮ್ಮ ಮೆಟ್ಟಿಲಲ್ಲಿ ಒಂದು ಅಭ್ಯಾಸವಿದೆ. ಹೊರಡುವ ಮುನ್ನ ಬಾಗಿಲಿನ ಒಳಗೆ ನಿಂತು ಕಿವಿಗೊಡುತ್ತೇವೆ. ಯಾರಾದರೂ ಇಳಿಯುತ್ತಿದ್ದರೆ ಅವರು ಹೋಗಿ ಕೆಳಗಿನ ಬಾಗಿಲು ಮುಚ್ಚುವವರೆಗೆ ಕಾಯುತ್ತೇವೆ. ಅವಳಿಗೆ ತೊಂದರೆ ಆಗಬಾರದೆಂದು ನಾವು ಕಾಯುತ್ತಿದ್ದೆವು. ನಮಗೆ ತೊಂದರೆ ಆಗಬಾರದೆಂದು ಅವಳೂ ಕಾಯುತ್ತಿದ್ದಳು. ಹೀಗೆ ಎರಡು ತಿಂಗಳು ಕಳೆಯಿತು.

ನೆಲಮಾಳಿಗೆಯಲ್ಲಿ ಇಡೀ ಕಟ್ಟಡಕ್ಕೆ ಒಂದು ಸೌನಾ ಇದೆ, ಕಾದ ಕಲ್ಲಿಗೆ ನೀರು ಹಾಕಿ ಹಬೆ ಎಬ್ಬಿಸುವ ಸ್ನಾನದ ಮನೆ. ಒಂದೊಂದು ಮನೆಗೆ ವಾರಕ್ಕೆ ಒಂದು ಗಂಟೆ. ಸರದಿಯ ಪಟ್ಟಿ ಬರೆದು ಅಂಟಿಸುವವಳು ಕೆಳಗಿನ ಮನೆಯ ಸೈಮಿ. ಅವಳು ಅಂಚೆ ಕಚೇರಿಯಿಂದ ನಿವೃತ್ತಳಾದವಳು; ನಮ್ಮಲ್ಲಿ ಮಾತಾಡುವವಳು ಅಂದರೆ ಅವಳೊಬ್ಬಳೇ. ಇರ್ಮೆಲಿಗೆ ಸಿಕ್ಕಿದ್ದು ಶುಕ್ರವಾರ ಆರು ಗಂಟೆ. ಅದಕ್ಕೆ ಮುಂಚಿನ ಐದು ಗಂಟೆ ಎರಡನೆಯ ಮಹಡಿಯ ಓಯ್ವಾನದು, ಮೂವತ್ತೊಂದು ವರ್ಷದಿಂದ. ಮೊದಲು ಹೆಂಡತಿಯ ಜೊತೆ ಇಳಿಯುತ್ತಿದ್ದ, ಅವಳು ತೀರಿಕೊಂಡ ಮೇಲೆ ಒಬ್ಬನೇ.

ಓಯ್ವಾನಿಗೆ ಎಪ್ಪತ್ತಾರು. ರೈಲ್ವೆಯಲ್ಲಿ ಹಳಿ ಬದಲಿಸುವ ಕೆಲಸದಲ್ಲಿದ್ದವನು, ಹಾಗಾಗಿ ಹೊತ್ತಿನ ಮನುಷ್ಯ. ಆರಕ್ಕೆ ಹತ್ತು ನಿಮಿಷ ಇರುವಾಗಲೇ ಅವನು ಮುಗಿಸಿ, ಹಲಗೆಗಳನ್ನು ಒರೆಸಿ, ಮರದ ಬಕೆಟ್ಟಿಗೆ ಹೊಸ ನೀರು ತುಂಬಿ, ಮುಂದಿನವರಿಗೆಂದು ಕಾದ ಕಲ್ಲಿನ ಮೇಲೆ ಒಂದು ಸೌಟು ನೀರು ಸುರಿದು, ಬಟ್ಟೆ ಹಾಕಿಕೊಂಡು ಹೊರಗಿನ ಬೆಂಚಿನಲ್ಲಿ ಕೂತಿರುತ್ತಿದ್ದ. ಕತ್ತಿಗೆ ಟವೆಲು, ಬೀಟ್‌ರೂಟಿನಂತೆ ಕೆಂಪಾದ ಮುಖ, ಕೈಯಲ್ಲಿ ಸಣ್ಣ ಬಿಯರ್ ಬಾಟಲಿ. ಇರ್ಮೆಲಿ ಸರಿಯಾಗಿ ಆರಕ್ಕೆ ಇಳಿದು ಬಂದಾಗ ಹೇಳುತ್ತಿದ್ದ:

"ಕಾವು ಚೆನ್ನಾಗಿದೆ."

ಅವಳು ಥ್ಯಾಂಕ್ಸ್ ಎಂದು ಒಳಗೆ ಹೋಗುತ್ತಿದ್ದಳು. ಮೂರು ನಾಲ್ಕು ವಾರವಾದ ಮೇಲೆ "ನೀರು ತುಂಬಿಸಿಟ್ಟಿದ್ದೀನಿ" ಎಂದೂ ಸೇರಿಸಿದ. ಕ್ರಿಸ್‌ಮಸ್ಸಿನ ಹಿಂದಿನ ವಾರ ಬೆಂಚಿನ ಮೇಲೆ ಒಂದು ಬರ್ಚ್ ಸೊಪ್ಪಿನ ಕಟ್ಟು ಇತ್ತು, ಸೌನಾದಲ್ಲಿ ಮೈಗೆ ಬಡಿದುಕೊಳ್ಳುವಂಥದ್ದು. ಬೇಸಗೆಯಲ್ಲಿ ಕಟ್ಟಿ ಫ್ರೀಜರಿನಲ್ಲಿಟ್ಟಿದ್ದ.

"ಜೂನ್‌ದು. ಒಂದು ಜಾಸ್ತಿ ಆಗಿತ್ತು, ತಗೋ," ಎಂದ.

ಅವಳು ಆ ಸೊಪ್ಪಿನ ವಾಸನೆ ಕೂದಲಿನಿಂದ ಹೋಗದಿರಲಿ ಎಂದು ಎರಡು ದಿನ ತಲೆ ತೊಳೆಯಲಿಲ್ಲವಂತೆ. ಇಡೀ ವಾರ ಅವಳ ಕಿವಿಯಲ್ಲಿ ಮಾತು ತುಂಬಿರುತ್ತಿತ್ತು. ಹೆಡ್‌ಫೋನು ಹಾಕಿ, ಕಾಲಡಿಯ ಪೆಡಲ್ ಒತ್ತಿದರೆ ಡಾಕ್ಟರರು ಮಾತಾಡುತ್ತಿದ್ದರು, ಬಿಟ್ಟರೆ ನಿಲ್ಲುತ್ತಿದ್ದರು. ವಾಕ್ಯ ಮುಗಿದಲ್ಲಿ ಪೂರ್ಣವಿರಾಮ ಎಂದೂ ಬಾಯಲ್ಲೇ ಹೇಳುತ್ತಿದ್ದರು. ಅವರಲ್ಲಿ ಒಬ್ಬರೂ ಅವಳ ಜೊತೆ ಮಾತಾಡುತ್ತಿರಲಿಲ್ಲ. ಅವಳಿಗೆಂದೇ ಯಾರಾದರೂ ಆಡಿದ ಮಾತು ಅಂದರೆ ಶುಕ್ರವಾರದ ಆ ಎರಡು ವಾಕ್ಯ.

ಜನವರಿಯ ಮೂರನೆಯ ವಾರ, ಒಂದು ಮಂಗಳವಾರ ಬೆಳಿಗ್ಗೆ, ನೆಗಡಿಯಾದ ಒಬ್ಬ ಎಳೆವಯಸ್ಸಿನ ಡಾಕ್ಟರಮ್ಮನ ದನಿ ಬಂತು. ಮೊದಲು ರೋಗಿಯ ಹೆಸರು, ಹುಟ್ಟಿದ ದಿನ, ಊರು. ಇರ್ಮೆಲಿಯ ಕಾಲು ಪೆಡಲಿನಿಂದ ತಾನಾಗಿ ಮೇಲೆದ್ದಿತು. ಹೆಸರು ಓಯ್ವಾನದು. ಊರು ಹೌಕಿಯಾರ್ವಿ.

ಕಂಪನಿಯ ನಿಯಮ ಸ್ಪಷ್ಟವಾಗಿತ್ತು. ಪರಿಚಯದವರ ಹೆಸರು ಬಂದರೆ ಅಲ್ಲೇ ನಿಲ್ಲಿಸಬೇಕು; ಒಂದು ಗುಂಡಿ ಒತ್ತಿದರೆ ಅದು ಬೇರೆ ಬೆರಳಚ್ಚಿನವರಿಗೆ ಹೋಗುತ್ತದೆ. ಇಪ್ಪತ್ತಾರು ವರ್ಷದಲ್ಲಿ ಅವಳು ನಾಲ್ಕು ಸಲ ಹಾಗೆ ಮಾಡಿದ್ದಳು. ಈ ಸಲ ಕೈ ಗುಂಡಿಯವರೆಗೆ ಹೋಗಿ ನಿಂತಿತು. ಇವನು ನನಗೆ ಪರಿಚಯವೇ ಎಂದು ಯೋಚಿಸಿದಳು. ಅವನ ಮಕ್ಕಳು ಎಷ್ಟು, ಗೊತ್ತಿಲ್ಲ. ಕಾಫಿಗೆ ಹಾಲು ಹಾಕಿಕೊಳ್ಳುತ್ತಾನೋ ಇಲ್ಲವೋ, ಅದೂ ಗೊತ್ತಿಲ್ಲ. ಮನೆಯೊಳಗೆ ಒಮ್ಮೆಯೂ ಕಾಲಿಟ್ಟಿಲ್ಲ. ಗೊತ್ತಿದ್ದದ್ದು ಎರಡು ವಾಕ್ಯ, ಒಂದು ಸೊಪ್ಪಿನ ಕಟ್ಟು. ಇಷ್ಟಕ್ಕೆ ಪರಿಚಯ ಎಂದು ಗುಂಡಿ ಒತ್ತಿದರೆ ತಾನೇ ಮೇಲೆ ಬಿದ್ದು ಸಂಬಂಧ ಹೇಳಿಕೊಂಡ ಹಾಗಾಗುತ್ತದೆ ಎನಿಸಿ ಅವಳಿಗೆ ನಾಚಿಕೆಯಾಯಿತು. ಪೆಡಲ್ ಒತ್ತಿದಳು.

ಹೃದಯದ ಒಂದು ಕವಾಟ ತೀರ ಕಿರಿದಾಗಿದೆ, ಪೂರ್ಣವಿರಾಮ. ಶರತ್ಕಾಲದಿಂದ ಈಚೆಗೆ ಎರಡು ಸಲ ತಲೆ ಸುತ್ತಿ ಬಿದ್ದಿದ್ದಾರೆ, ಪೂರ್ಣವಿರಾಮ. ಶಸ್ತ್ರಚಿಕಿತ್ಸೆ ಸೂಚಿಸಿದ್ದೇನೆ, ಯೋಚಿಸಿ ಹೇಳುತ್ತೇನೆ ಎಂದರು. ಬಿಸಿ ಸೌನಾ ಬೇಡವೆಂದು ಹೇಳಿದೆ, ಅದನ್ನು ಬಿಡುವುದಿಲ್ಲ ಎಂದರು. ಹೋಗುವುದಾದರೆ ಒಬ್ಬರೇ ಹೋಗಕೂಡದು ಎಂದು ತಿಳಿಸಿದೆ. ಆಮೇಲೆ ಡಾಕ್ಟರು ಮೂಗು ಒರೆಸಿಕೊಂಡ ಸದ್ದು. ತಾನು ಒಬ್ಬನೇ ಅಲ್ಲ ಎಂದು ರೋಗಿ ಹೇಳುತ್ತಾರೆ, ಪೂರ್ಣವಿರಾಮ. ತನ್ನ ನಂತರದ ಸರದಿ ಮೇಲಿನ ಮನೆಯ ಹೆಂಗಸಿನದು, ಅವಳು ಗಡಿಯಾರದಷ್ಟು ಸರಿಯಾಗಿ ಬರುತ್ತಾಳೆ, ಏನಾದರೂ ಆದರೆ ಅವಳ ಕಣ್ಣಿಗೆ ಬೀಳುತ್ತೇನೆ ಎನ್ನುತ್ತಾರೆ, ಪೂರ್ಣವಿರಾಮ.

ಇರ್ಮೆಲಿ ಅದನ್ನೂ ತಪ್ಪಿಲ್ಲದೆ ಬೆರಳಚ್ಚು ಮಾಡಿದಳು. ಮೇಲಿನ ಮನೆಯ ಹೆಂಗಸು ಎಂಬ ಮಾತನ್ನು ಎರಡು ಸಲ ಓದಿ ನೋಡಿ, ಕಳಿಸಿದಳು.

ಅಂದಿನಿಂದ ಅವಳಿಗೆ ಬೇರೆ ಯೋಚನೆ ಇರಲಿಲ್ಲ. ಅವನಿಗೆ ಹೇಳಬೇಕು: ಸೌನಾ ಬಿಡಿ, ಇಲ್ಲವೇ ಆಪರೇಷನ್ನಿಗೆ ಒಪ್ಪಿಕೊಳ್ಳಿ. ಹೇಳಿದರೆ, ನಿನಗೆ ಹೇಗೆ ಗೊತ್ತು ಎಂದು ಕೇಳುತ್ತಾನೆ. ಯಾರ ಗುಟ್ಟನ್ನೂ ಹೊರಗೆ ಆಡುವುದಿಲ್ಲ ಎಂದು ಅವಳು ಇಪ್ಪತ್ತೈದನೆಯ ವಯಸ್ಸಿನಲ್ಲಿ ಸಹಿ ಮಾಡಿದ್ದಳು, ಗಂಡನಿಗೂ ಒಂದು ದಿನ ಒಂದು ಹೆಸರು ಹೇಳಿದವಳಲ್ಲ. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ. ಕೆಲಸ ಹೋದರೆ ಹೌಕಿಯಾರ್ವಿಯಲ್ಲಿ ಅವಳಿಗೆ ಇರಲು ಕಾರಣವೇ ಇಲ್ಲ. ಇದಕ್ಕಿಂತ ಹೆಚ್ಚಾಗಿ, ಆ ಮನುಷ್ಯ ಬೆಂಚಿನಲ್ಲಿ ಕೂತು ತಾನಾಗಿ ಹೇಳದೇ ಇದ್ದದ್ದನ್ನು ತಾನು ಕದ್ದು ಕೇಳಿದ್ದೇನೆ ಎಂಬ ಸಂಕೋಚ.

ಆದ್ದರಿಂದ ಅವಳು ಮಾತು ಬೇಡದ ದಾರಿ ಹುಡುಕಿದಳು. ಬೇಗ ಇಳಿದು ಬರತೊಡಗಿದಳು. ಮೊದಲ ಶುಕ್ರವಾರ ಆರಕ್ಕೆ ಹತ್ತು ನಿಮಿಷವಿರುವಾಗ, ಮುಂದಿನ ವಾರ ಇಪ್ಪತ್ತು, ಅದರ ಮುಂದಿನ ವಾರ ಐದೂವರೆಗೇ. ಬೆಂಚಿನಲ್ಲಿ ಟವೆಲು ಹಿಡಿದು ಕೂತು ಬಾಗಿಲಿನ ಕಡೆ ಕಿವಿ ಇಡುತ್ತಿದ್ದಳು. ಕಲ್ಲಿನ ಮೇಲೆ ನೀರು ಬಿದ್ದು ಚುಂಯ್ ಎನ್ನುವುದು, ಸೌಟು ಬಕೆಟ್ಟಿಗೆ ತಾಗುವುದು. ದಿನವಿಡೀ ಕೇಳುವುದೇ ಅವಳ ಕೆಲಸವಾಗಿತ್ತಲ್ಲ, ಅವಳ ಕಿವಿ ಚುರುಕು. ಎರಡು ಚುಂಯ್‌ಗಳ ನಡುವೆ ಹೊತ್ತು ಹೆಚ್ಚಾದರೆ ಬೀಗದ ಕೈ ಕೆಳಗೆ ಬೀಳಿಸುತ್ತಿದ್ದಳು. ಒಳಗಿನಿಂದ ಓಯ್ವಾ ಕೆಮ್ಮಿದರೆ ಅವಳಿಗೆ ಉಸಿರು ಬರುತ್ತಿತ್ತು.

ಓಯ್ವಾನಿಗೆ ಕೇಳಿಸಿದ್ದು ಬೇರೆ. ಹೊರಗೆ ಯಾರೋ ಬಂದು ಕೂತಿದ್ದಾರೆ, ಬೀಗದ ಕೈ ಸದ್ದು ಮಾಡುತ್ತಿದ್ದಾರೆ. ನಮ್ಮಲ್ಲಿ ಇನ್ನೊಬ್ಬರ ಸರದಿಯಲ್ಲಿ ಬಾಗಿಲ ಬಳಿ ಕೂರುವುದೆಂದರೆ ಬೇಗ ಏಳಿ ಎಂದಂತೆ. ಅವನು ಕೂದಲು ಒರೆಸಿಕೊಳ್ಳದೆ ಹೊರಗೆ ಬರತೊಡಗಿದ.

"ಹೊತ್ತಾಯ್ತಾ?" ಎಂದು ಕೇಳಿದ.

"ಇಲ್ಲ, ಇಲ್ಲ. ನೀವು ನಿಧಾನ ಮಾಡಿ. ನಾನು ಸುಮ್ನೆ ಕೂತಿದ್ದೆ."

ಸುಮ್ಮನೆ ಕೂರಲು ನೆಲಮಾಳಿಗೆಗೆ ಯಾರು ಬರುತ್ತಾರೆ? ಅವನು ತಲೆಯಾಡಿಸಿ ಮೆಟ್ಟಿಲು ಹತ್ತಿದ. ಬಿಯರ್ ಬಾಟಲಿ ತೆರೆಯದೆ ಕೈಯಲ್ಲೇ ಇತ್ತು.

ಫೆಬ್ರವರಿಯಲ್ಲಿ ಒಂದು ದಿನ ಅವಳು ಒಂದು ವಾಕ್ಯವನ್ನು ಬಾಯಿಪಾಠ ಮಾಡಿಕೊಂಡು ಇಳಿದಳು. ಅವನು ಹೊರಗೆ ಬಂದಾಗ, "ನಿಮ್ಮ ಆರೋಗ್ಯ ಚೆನ್ನಾಗಿದೆಯಾ?" ಎಂದಳು.

"ನನಗೇನಾಗಿದೆ? ಮುದುಕ ಆಗಿದ್ದೀನಿ, ಅಷ್ಟೇ," ಎಂದ ಓಯ್ವಾ. ಒಂದು ಗಳಿಗೆ ನಿಂತ. ಅವಳು ಮುಂದೇನಾದರೂ ಹೇಳುತ್ತಾಳೆ ಎಂದು ಕಾದನೋ ಏನೋ. ಅವಳು "ಹೌದಾ" ಎಂದಳು. ಆಮೇಲೆ ಅವನು ಹೋದ.

ಕಟ್ಟಡದಲ್ಲಿ ಯಾರಿಗೂ ಕಣ್ಣಿಲ್ಲದೆ ಇರಲಿಲ್ಲ. ತಿಂಗಳ ಕೊನೆಗೆ ಕಸದ ಕೊಟ್ಟಿಗೆಯ ಹತ್ತಿರ ಸೈಮಿ ಅವನನ್ನು ಹಿಡಿದುಕೊಂಡಳು. ನನ್ನ ಅಮ್ಮ ಹಳೆಯ ಪೇಪರ್ ಹಾಕಲು ಹೋಗಿದ್ದವಳು ಅಲ್ಲೇ ಇದ್ದಳು.

"ಏನಯ್ಯ ಓಯ್ವಾ, ಮೂರನೇ ಮಹಡಿಯೋಳು ನಿನ್ನ ಬೆನ್ನು ಉಜ್ಜೋಕೆ ಬರ್ತಾಳಂತೆ?"

"ನನ್ನ ಬೆನ್ನು ನೋಡಿದ್ರೆ ಬಂದ ದಾರೀಲೇ ಹೆಲ್ಸಿಂಕಿಗೆ ಓಡ್ತಾಳೆ."

"ಮತ್ತೆ ಬಾಗಿಲು ಕಾಯೋದ್ಯಾಕೆ? ಅರ್ಧ ಗಂಟೆ ಮುಂಚೆ ಬಂದು ಕೂರ್ತಾಳೆ, ನಾನೇ ನೋಡಿದೆ."

ಓಯ್ವಾ ಟೊಪ್ಪಿಗೆ ಸರಿಮಾಡಿಕೊಂಡ. "ಇಡೀ ದಿನ ಕುರ್ಚಿ ಮೇಲೇ ಕೆಲಸ ಅವಳದು. ಸೊಂಟ ಹಿಡ್ಕೊಳುತ್ತೆ. ಒಂದು ಗಂಟೆ ಸಾಲ್ತಾ ಇಲ್ಲ ಪಾಪ, ಕೇಳೋಕೆ ಬಾಯಿಲ್ಲ. ನನ್ನ ಗಂಟೇನೂ ಅವಳಿಗೇ ಬರೆದುಬಿಡು."

ಸೈಮಿಗೆ ನಗು ನಿಂತಿತು. ಮೂವತ್ತೊಂದು ವರ್ಷದ ಗಂಟೆಯನ್ನು ಕೊಡುತ್ತೀಯಾ ಎಂದು ಕೇಳಿದಳು. ತನಗೆ ಯಾವಾಗಲಾದರೇನು, ಪಿಂಚಣಿಯವನು, ಬುಧವಾರ ಮಧ್ಯಾಹ್ನ ಮೂರಕ್ಕೆ ಹಾಕು, ಆಗ ಯಾರ ಕಾಟವೂ ಇಲ್ಲ ಎಂದ ಓಯ್ವಾ. ನಿಜ, ಯಾರ ಕಾಟವೂ ಇರಲಿಲ್ಲ. ಬುಧವಾರ ಮೂರರ ನಂತರದ ಸರದಿ ಆರಕ್ಕೆ, ಅದು ನಮ್ಮ ಮನೆಯದು.

ಮಾರ್ಚ್ ಒಂದಕ್ಕೆ ಹೊಸ ಪಟ್ಟಿ ಅಂಟಿಸಿದರು. ಇರ್ಮೆಲಿ ಅದರ ಮುಂದೆ ನಿಂತಳು. ಶುಕ್ರವಾರದ ಸಾಲಿನಲ್ಲಿ ಐದಕ್ಕೂ ಆರಕ್ಕೂ ತನ್ನ ಹೆಸರು. ಓಯ್ವಾನ ಹೆಸರು ಇಲ್ಲ. ಅವಳಿಗೆ ಎಷ್ಟೋ ಸಮಾಧಾನವಾಯಿತಂತೆ. ಡಾಕ್ಟರ ಮಾತು ಕೇಳಿದ್ದಾನೆ, ಸೌನಾ ಬಿಟ್ಟಿದ್ದಾನೆ, ಆಪರೇಷನ್ನಿಗೂ ಒಪ್ಪಿರಬೇಕು ಎಂದುಕೊಂಡಳು. ಬುಧವಾರದ ಸಾಲು ಅದೇ ಕಾಗದದಲ್ಲಿ, ಒಂದು ಗೇಣು ಎಡಕ್ಕೆ ಇತ್ತು. ಅವಳು ಅದನ್ನು ನೋಡಲಿಲ್ಲ. ಯಾರು ಯಾವಾಗ ಸ್ನಾನ ಮಾಡುತ್ತಾರೆ ಎಂದು ಓದುತ್ತ ನಿಲ್ಲುವುದು ಬೇರೆಯವರ ಕಾಗದ ಓದಿದ ಹಾಗೆ. ಅವಳು ನಮ್ಮಷ್ಟೇ ಮರ್ಯಾದೆಯವಳು.

ಆ ಶನಿವಾರ ಅವಳು ಬನ್ನು ಬೇಯಿಸಿದಳು. ಆರು ಬನ್ನನ್ನು ಚೀಲಕ್ಕೆ ಹಾಕಿ, ಮೆಟ್ಟಿಲಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ಎರಡನೆಯ ಮಹಡಿಯ ಬಾಗಿಲ ಹಿಡಿಗೆ ತೂಗು ಹಾಕಿ ಬಂದಳು. ಜೊತೆಗೆ ಒಂದು ಚೀಟಿ ಇಟ್ಟಿದ್ದಳು: ನಿಮ್ಮ ಗಂಟೆ ಬಿಟ್ಟುಕೊಟ್ಟಿದ್ದಕ್ಕೆ ಥ್ಯಾಂಕ್ಸ್. ತುಂಬ ಸಂತೋಷವಾಯಿತು. ಸೌನಾ ಬಿಟ್ಟದ್ದು ಒಳ್ಳೆಯದಾಯಿತು ಎಂದು ಬರೆಯಲು ಅವಳಿಗೆ ಧೈರ್ಯ ಬರಲಿಲ್ಲ. ಬರೆದಿದ್ದರೆ ಅವನು ಮೇಲೆ ಬಂದು ಏನು ಹಾಗಂದರೆ ಎಂದು ಕೇಳುತ್ತಿದ್ದ. ಈ ಚೀಟಿ ಓದಿ ಅವನಿಗೆ ತನ್ನ ಎಣಿಕೆ ಸರಿಯೆಂದೇ ಆಗಿರಬೇಕು. ಮರುದಿನ ಆ ಚೀಲ ನೀಟಾಗಿ ಮಡಚಿ ಅವಳ ಬಾಗಿಲ ಹಿಡಿಯಲ್ಲಿ ತೂಗುತ್ತಿತ್ತು, ಒಳಗೆ ಇನ್ನೊಂದು ಸೊಪ್ಪಿನ ಕಟ್ಟು.

ಎರಡು ಶುಕ್ರವಾರ ಅವಳು ಎರಡು ಗಂಟೆಯೂ ಸೌನಾದಲ್ಲಿದ್ದಳು. ಬೆಂಚಿನಲ್ಲಿ ಯಾರೂ ಇರಲಿಲ್ಲ. ಬೇಸರವಾಯಿತು, ಆದರೂ ಅದು ಹಗುರವಾದ ಬೇಸರ ಎಂದಳು ಆಮೇಲೆ.

ಮಾರ್ಚ್ ಮೂರನೆಯ ಬುಧವಾರ ಆರು ಗಂಟೆಗೆ ನಮ್ಮ ಸರದಿ. ಮೊದಲು ಇಳಿದವಳು ಅಮ್ಮ. ದೀಪ ಉರಿಯುತ್ತಿತ್ತು. ಬಟ್ಟೆ ಬದಲಿಸುವ ಕೋಣೆಯಲ್ಲಿ ಓಯ್ವಾ ಅಂಗಿ ಪ್ಯಾಂಟು ಹಾಕಿಕೊಂಡು, ಕತ್ತಿಗೆ ಟವೆಲು ಸುತ್ತಿಕೊಂಡು, ಗೋಡೆಗೊರಗಿ ಕೂತಿದ್ದ. ಒಂದು ಕಾಲಿಗೆ ಕಾಲುಚೀಲ, ಇನ್ನೊಂದು ಕೈಯಲ್ಲಿ. ಕೈ ತಣ್ಣಗಿತ್ತು. ಆಂಬುಲೆನ್ಸ್ ಸದ್ದು ಮಾಡದೆ ಬಂದು ಸದ್ದು ಮಾಡದೆ ಹೋಯಿತು, ಅವಸರವೇನೂ ಉಳಿದಿರಲಿಲ್ಲ. ಮೂರನೆಯ ಮಹಡಿಯಲ್ಲಿ ಇರ್ಮೆಲಿಯ ಕಿಟಕಿಗೆ ಬೆಳಕಿತ್ತು. ಅವಳು ಹೆಡ್‌ಫೋನು ಹಾಕಿಕೊಂಡು ಯಾರದೋ ಮುರಿದ ಮೊಣಕೈಯ ಬಗ್ಗೆ ಬೆರಳಚ್ಚು ಮಾಡುತ್ತಿದ್ದಳು.

ಮರುದಿನ ಬೆಳಿಗ್ಗೆ ಅವಳು ಕಿಟಕಿಯಿಂದ ನೋಡಿದಾಗ ಅಂಗಳದ ಕಂಬದಲ್ಲಿ ಬಾವುಟ ಅರ್ಧಕ್ಕೆ ಇಳಿದಿತ್ತು. ಕಟ್ಟಡದಲ್ಲಿ ಯಾರಾದರೂ ತೀರಿಕೊಂಡರೆ ಹಾಗೆ ಹಾರಿಸುತ್ತೇವೆ. ಅವಳು ಕೆಳಗಿಳಿದು ಸೈಮಿಯ ಬಾಗಿಲ ಗಂಟೆ ಒತ್ತಿ ಯಾರೆಂದು ಕೇಳಿದಳು.

"ಓಯ್ವಾ. ಸೌನಾದಲ್ಲೇ. ನಿನ್ನೆ ಮೂರರ ಸರದೀಲಿ."

"ಅವರು ಸೌನಾ ಬಿಟ್ಟಿದ್ರಲ್ಲ."

"ಓಯ್ವಾ ಸೌನಾ ಬಿಡೋದಾ? ನಿನಗೆ ಶುಕ್ರವಾರ ಬಿಟ್ಟುಕೊಟ್ಟು ಬುಧವಾರ ತಗೊಂಡ ಕಣಮ್ಮ. ಪಟ್ಟೀಲಿ ಇತ್ತಲ್ಲ."

ಇರ್ಮೆಲಿ ನೆಲಮಾಳಿಗೆಗೆ ಹೋಗಿ ಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ಅಲ್ಲಿಂದ ನೇರವಾಗಿ ನಮ್ಮ ಬಾಗಿಲಿಗೆ ಬಂದಳು. ಆರು ತಿಂಗಳಲ್ಲಿ ಅವಳು ನಮ್ಮ ಗಂಟೆ ಒತ್ತಿದ್ದು ಅದೇ ಮೊದಲು. ಒಳಗೆ ಬನ್ನಿ ಎಂದರೂ ಬರಲಿಲ್ಲ. ಬಕೆಟ್ಟಿನಲ್ಲಿ ನೀರಿತ್ತಾ ಎಂದು ಅಮ್ಮನನ್ನು ಕೇಳಿದಳು.

ಅಮ್ಮನಿಗೆ ಪ್ರಶ್ನೆಯ ಭಾರ ತಿಳಿಯಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ತುಂಬಿತ್ತು, ಹಲಗೆಗಳನ್ನೂ ಒರೆಸಿದ್ದ, ಎಲ್ಲ ಮುಗಿಸಿಯೇ ಕೂತಿದ್ದ. ಆಂಬುಲೆನ್ಸಿನಲ್ಲಿ ಬಂದ ಡಾಕ್ಟರು ನಾಲ್ಕಕ್ಕೆ ಸ್ವಲ್ಪ ಮುಂಚೆ ಆಗಿರಬೇಕು ಎಂದರು, ಜೀವ ತಕ್ಷಣ ಹೋಗಿರಲಿಕ್ಕಿಲ್ಲ ಎಂದರು. ಅಷ್ಟು ಕೇಳಿ ಇರ್ಮೆಲಿ ಅಲ್ಲೇ ಮೆಟ್ಟಿಲ ಮೇಲೆ ಕೂತಳು. ಮುಂದೆ ಬರುವವರಿಗೆಂದು ಅವನು ನೀರು ತುಂಬಿಟ್ಟಿದ್ದ, ನಾಲ್ಕಕ್ಕೆ ಯಾರ ಸರದಿಯೂ ಇರಲಿಲ್ಲ. ಅಂದು ಅವಳು ಅಮ್ಮನಿಗೆ ಎಲ್ಲವನ್ನೂ ಹೇಳಿದಳು, ನಿಧಾನವಾಗಿ, ಪೂರ್ಣವಿರಾಮಗಳ ಸಮೇತ. ಅಮ್ಮ ಆಮೇಲೆ ಎಷ್ಟೋ ದಿನ, ನೀರಿನ ವಿಷಯ ಸುಳ್ಳು ಹೇಳಬೇಕಿತ್ತು ಎನ್ನುತ್ತಿದ್ದಳು.

ಮುಂದಿನ ವಾರ ಓಯ್ವಾನ ಮಗಳು ಮಿರ್ಯಾ ಮನೆ ಖಾಲಿ ಮಾಡಲು ಔಲು ನಗರದಿಂದ ಬಂದಳು. ಫ್ರೀಜರಿನಲ್ಲಿ ಉಳಿದಿದ್ದ ನಾಲ್ಕು ಸೊಪ್ಪಿನ ಕಟ್ಟುಗಳನ್ನು ಎತ್ತಿಕೊಂಡು ಮೂರನೆಯ ಮಹಡಿಗೆ ಹೋದಳು. ಅಪ್ಪ ಫೋನಿನಲ್ಲಿ ನಿಮ್ಮ ವಿಷಯ ಹೇಳುತ್ತಿದ್ದರು, ಬೆನ್ನು ನೋವಿನವಳು, ಒಂದು ಗಂಟೆ ಸಾಲದು ಎಂದು, ಆದ್ದರಿಂದ ಇವು ನಿಮಗೇ ಎಂದಳು. ಇರ್ಮೆಲಿ ಕಟ್ಟುಗಳನ್ನು ಮುಟ್ಟಲಿಲ್ಲ.

"ನನಗೆ ಬೆನ್ನು ನೋವಿಲ್ಲ," ಎಂದಳು. "ನನಗೆ ಗೊತ್ತಿತ್ತು. ಜನವರಿಯಿಂದಲೇ ಗೊತ್ತಿತ್ತು."

ಮಿರ್ಯಾ ಬಾಗಿಲ ಒಳಗೆ ಕಾಲೊರೆಸಿನ ಮೇಲೆ ನಿಂತೇ ಪೂರ್ತಿ ಕೇಳಿದಳು. ಸಿಟ್ಟಾಗಲಿಲ್ಲ, ಅಳಲೂ ಇಲ್ಲ.

"ನನಗೆ ಹೇಳಿರ್ಲಿಲ್ಲ ಅಪ್ಪ," ಎಂದಳು. ಆಮೇಲೆ, "ಒಂದು ಸಲ ಬಾಗಿಲು ತಟ್ಟಿ ಹೇಳಿದ್ರೆ ಆಗ್ತಿತ್ತು," ಎಂದಳು. ಸೊಪ್ಪಿನ ಕಟ್ಟುಗಳನ್ನು ವಾಪಸು ತೆಗೆದುಕೊಂಡು ಹೋದಳು.

ಮಿರ್ಯಾ ಎಲ್ಲೂ ದೂರು ಕೊಡಲಿಲ್ಲ. ಇರ್ಮೆಲಿಯೇ ಕಂಪನಿಗೆ ಕಾಗದ ಬರೆದು, ಪರಿಚಯದವರ ಕಡತವನ್ನು ಕೊನೆಯವರೆಗೆ ಕೇಳಿದ್ದೇನೆ ಎಂದು ತಿಳಿಸಿದಳು. ಪರಿಚಯದವರ ಎಂದೇ ಬರೆದಳು. ಏಪ್ರಿಲ್ ಕೊನೆಗೆ ಕೆಲಸ ಹೋಯಿತು. ಹೇಗೂ ಶರತ್ಕಾಲಕ್ಕೆ ಆ ಕೆಲಸವನ್ನು ಯಂತ್ರವೇ ಮಾಡುವುದಿತ್ತು ಎಂದು ಸೈಮಿ ಸಮಾಧಾನ ಹೇಳಿದಳು. ಸಮಾಧಾನವಾದಂತೆ ಕಾಣಲಿಲ್ಲ.

ಅವಳು ಹೆಲ್ಸಿಂಕಿಗೆ ವಾಪಸು ಹೋಗುತ್ತಾಳೆ ಎಂದು ಎಲ್ಲರೂ ಅಂದುಕೊಂಡಿದ್ದರು. ಹೋಗಲಿಲ್ಲ. ಈಗ ವೃದ್ಧಾಶ್ರಮದ ಅಡುಗೆಮನೆಯಲ್ಲಿ ಬೆಳಗಿನ ಗಂಜಿ ಬೇಯಿಸುತ್ತಾಳೆ. ಆ ಕುರ್ಚಿಯನ್ನು ಕಸದ ಕೊಟ್ಟಿಗೆಯ ಪಕ್ಕದಲ್ಲಿಟ್ಟಳು, ಯಾರೋ ಎತ್ತಿಕೊಂಡು ಹೋದರು.

ಐದು ಗಂಟೆಯ ಸರದಿಯನ್ನು ಬೇರೆಯವರಿಗೆ ಕೊಡಲೇ ಎಂದು ಸೈಮಿ ಕೇಳಿದ್ದಕ್ಕೆ ಬೇಡ ಎಂದಳಂತೆ. ಶುಕ್ರವಾರ ಐದಕ್ಕೆ ಅವಳು ಇಳಿದು ಹೋಗುತ್ತಾಳೆ, ಆದರೆ ಒಳಗೆ ಹೋಗುವುದಿಲ್ಲ. ಹೊರಗಿನ ಬೆಂಚಿನಲ್ಲಿ ಒಂದು ಗಂಟೆ ಬಾಗಿಲಿನ ಕಡೆ ಕಿವಿಕೊಟ್ಟು ಕೂರುತ್ತಾಳೆ. ಒಳಗೆ ಕಲ್ಲು ಕಾದಿರುತ್ತದೆ, ಯಾರೂ ನೀರು ಹಾಕುವುದಿಲ್ಲ. ನಮ್ಮ ಉಗ್ರಾಣಗಳೂ ನೆಲಮಾಳಿಗೆಯ ಅದೇ ಓಣಿಯಲ್ಲಿವೆ, ಆಲೂಗಡ್ಡೆ, ಹಿಮದ ಮೇಲೆ ಜಾರುವ ಸ್ಕೀ ಎಲ್ಲ ಅಲ್ಲೇ. ಆದರೂ ಶುಕ್ರವಾರ ಐದರಿಂದ ಆರರವರೆಗೆ ನಾವು ಯಾರೂ ಕೆಳಗೆ ಹೋಗುವುದಿಲ್ಲ. ಅವಳಿಗೆ ತೊಂದರೆಯಾಗಬಾರದೆಂದು ಮೇಲೆಯೇ ಕಾಯುತ್ತೇವೆ.